ದೇವೀರತ್ತೆಯ ಒಂಟಿ ಒಲೆ

ದೇವೀರತ್ತೆ ಬೇರೆ ಮನೆ ಮಾಡುತ್ತೇನೆ ಎಂದಾಗ ಅಪ್ಪನ ಬಾಯಿಂದ ಬಂದ ಮೊದಲ ಮಾತು, "ಹಂಗಾದ್ರೆ ಹಂಡೆ ಒಲೆ ಯಾರು ಹಚ್ತಾರೆ?" ಎಂಬುದು. ಪಾಪ, ಅಪ್ಪ ಕೆಟ್ಟವರಲ್ಲ. ನಮ್ಮ ಊರಿನಲ್ಲಿ ಯಾರು ಮನೆ ಬಿಟ್ಟು ಹೊರಟರೂ, ಮದುವೆಯಾಗಿ ಹೋದರೂ, ಕೊನೆಗೆ ಸತ್ತರೂ, ಉಳಿದವರು ಮೊದಲು ಕೇಳುವುದು ಇಂಥದ್ದೇ ಒಂದು ಮಾತನ್ನು.

ನಮ್ಮಲ್ಲಿ ಒಬ್ಬರಿಗೆ ದಿನಕ್ಕೆ ಒಂದೇ ಕಿಡಿ. ಮೊದಲ ಹಾಲುಹಲ್ಲು ಬಿದ್ದಾಗಿನಿಂದ ಉಸಿರು ನಿಲ್ಲುವವರೆಗೆ ಬಡವರಿಗೂ ಅಷ್ಟೇ, ಬಲ್ಲಿದರಿಗೂ ಅಷ್ಟೇ. ಲೈಟರ್ ಒಮ್ಮೆ ಒತ್ತಿದಿರೋ, ಹತ್ತಿದರೆ ಹತ್ತಿತು. ಹತ್ತದಿದ್ದರೆ ಮಾರನೆಯ ಬೆಳಗಿನವರೆಗೆ ಬೆಟ್ಟಕ್ಕೆ ಬೆಟ್ಟ ಉಜ್ಜಿದರೂ ನಿಮ್ಮ ಕೈಯಿಂದ ಬೆಂಕಿ ಬರುವುದಿಲ್ಲ. ಪಕ್ಕದ ಮನೆಯಿಂದ ತರೋಣವೆಂದರೆ, ಒಂದು ಒಲೆಯಿಂದ ಇನ್ನೊಂದಕ್ಕೆ ಒಯ್ಯೋಣವೆಂದರೆ, ಬೆಂಕಿ ಹತ್ತಿದ ಒಲೆ ಬಿಟ್ಟ ಕೂಡಲೇ ಆರುತ್ತದೆ. ಬೂದಿ ಮುಚ್ಚಿ ಉಳಿಸೋಣವೆಂದರೆ ಯಾವ ಕೆಂಡವೂ ಒಂದು ಹೊತ್ತಿನಾಚೆ ಬದುಕುವುದಿಲ್ಲ. ಕರೆಂಟು ಇದೆ, ಬಲ್ಬು ಉರಿಯುವಷ್ಟು. ಯಾಕೆ ಹೀಗೆ ಎಂದು ಚಿಕ್ಕಂದಿನಲ್ಲಿ ಅಜ್ಜಿಯನ್ನು ಕೇಳಿದರೆ ಒಂದೊಂದು ಸಲ ಒಂದೊಂದು ಕಥೆ ಬರುತ್ತಿತ್ತು. ಒಂದು ಕಥೆಯಲ್ಲಿ ಬೆಂಕಿಗೂ ಅದರ ತಂಗಿ ನೀರಿಗೂ ಜಗಳವಾಗಿ, ಬೆಂಕಿ ಮುನಿಸಿಕೊಂಡು ಕಲ್ಲಿನೊಳಗೆ ಹೋಗಿ ಅಗಳಿ ಹಾಕಿಕೊಂಡಿತಂತೆ. "ದಿನಕ್ಕೊಂದು ಸಲ ಕರೀರಿ, ಮನಸ್ಸಿದ್ರೆ ಬರ್ತೀನಿ" ಅಂದಿತಂತೆ. ಇನ್ನೊಂದು ಕಥೆಯಲ್ಲಿ ಒಬ್ಬ ಸೊಸೆ ಬೆಂಕಿಗೆ ಎಂಜಲು ಬಡಿಸಿದ್ದಳು. ಮಗದೊಂದರಲ್ಲಿ ಅದೇ ಸೊಸೆ ದೇವತೆಯಾಗಿದ್ದಳು. ನಾನು ಎಲ್ಲವನ್ನೂ ನಂಬುತ್ತಿದ್ದೆ. ಮಳೆ ಬರುವ ದಿನ ಒಂದನ್ನು, ಬಿಸಿಲಿನ ದಿನ ಇನ್ನೊಂದನ್ನು.

ಹಾಗಾಗಿ ನಮ್ಮ ಊರಿನಲ್ಲಿ ಮನೆಯಲ್ಲಿ ಎಷ್ಟು ಜನ ಎಂದು ಯಾರೂ ಕೇಳುವುದಿಲ್ಲ, ಎಷ್ಟು ಕಿಡಿ ಎಂದು ಕೇಳುತ್ತಾರೆ. ನಮ್ಮದು ಐದು ಕಿಡಿಯ ಮನೆ. ಬೆಳಗಿನ ಅಡುಗೆ ಒಲೆ ಅಮ್ಮನದು. ದೇವರ ದೀಪ ಅಜ್ಜಿಯದು. ಬಚ್ಚಲಿನ ಹಂಡೆ ಒಲೆ ದೇವೀರತ್ತೆಯದು. ಸಂಜೆಯ ಒಲೆ ನನ್ನದು. ಅಪ್ಪನ ಕಿಡಿ ಅಂಗಡಿಯದು. ಆ ವರ್ಷ ನನಗೆ ಗಂಡು ನೋಡುತ್ತಿದ್ದರು, ಬಂದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವ ಮೊದಲು, "ಕಿಡಿ ಹೆಂಗೆ? ತಪ್ಪುತ್ತಾ?" ಎಂದು ಕೇಳುತ್ತಿದ್ದರು. ನಾನು ಕಿಟಕಿಯ ಆಚೆ ನೋಡುತ್ತ ಕೂತಿರುವುದನ್ನು ಕಂಡು ಅವರೇ ಉತ್ತರ ಊಹಿಸಿಕೊಂಡು ಎದ್ದು ಹೋಗುತ್ತಿದ್ದರು.

ಅಪ್ಪನದು ಸಂತೆಬೀದಿಯಲ್ಲಿ ಲೈಟರ್ ಅಂಗಡಿ. ಹೊಸ ಲೈಟರ್ ಮಾರುವುದು, ಹಳೆಯದಕ್ಕೆ ಗ್ಯಾಸ್ ತುಂಬುವುದು, ಚಕಮಕಿ ಕಲ್ಲು ಬದಲಿಸುವುದು. ನಾನು ಓದು ಮುಗಿಸಿದ ಮೇಲೆ ಅಲ್ಲೇ ಕೂರುತ್ತಿದ್ದೆ. ಬೇರೆ ಊರುಗಳಲ್ಲಿ ಗಿರಾಕಿಗಳು ಲೈಟರ್ ಕೊಳ್ಳುವ ಮುಂಚೆ ನಾಲ್ಕು ಸಲ ಒತ್ತಿ ನೋಡುತ್ತಾರಂತೆ. ನಮ್ಮಲ್ಲಿ ಯಾರೂ ನೋಡುವುದಿಲ್ಲ. ನೋಡಿದರೆ ಆ ದಿನದ ಕಿಡಿ ಹೋಯಿತು. ಅಪ್ಪ ದಿನಕ್ಕೊಂದು ಲೈಟರನ್ನು ತಮ್ಮ ಕಿಡಿಯಿಂದ ಹಚ್ಚಿ ತೋರಿಸುತ್ತಿದ್ದರು. ಅದನ್ನು ನೋಡಲೆಂದೇ ಹತ್ತು ಗಂಟೆಗೆ ಅಂಗಡಿಯ ಮುಂದೆ ಜನ ನಿಲ್ಲುತ್ತಿದ್ದರು. ಆ ಒಂದು ಲೈಟರ್ ಅಲ್ಲೇ ಖರ್ಚಾಗುತ್ತಿತ್ತು. ಮಿಕ್ಕವುಗಳನ್ನು ಜನ ನಂಬಿಕೆಯ ಮೇಲೆ ಒಯ್ಯುತ್ತಿದ್ದರು, ಸೊಸೆಯನ್ನು ಮನೆ ತುಂಬಿಸಿಕೊಂಡ ಹಾಗೆ.

ಆದ್ದರಿಂದಲೇ ಕಲ್ಲಿನ ಲೈಟರ್ ಮೇಲೋ ಗುಂಡಿ ಲೈಟರ್ ಮೇಲೋ ಎಂಬ ಜಗಳ ನಮ್ಮ ಊರಿನಲ್ಲಿ ಮುಗಿಯುವುದೇ ಇಲ್ಲ. ಕಲ್ಲಿನದೆಂದರೆ ನಿಮಗೆ ಗೊತ್ತೇ ಇದೆ, ಹಲ್ಲಿನ ಚಕ್ರವನ್ನು ಹೆಬ್ಬೆರಳಿನಿಂದ ತಿರುಗಿಸಿದರೆ ಕೆಳಗಿನ ಪುಟ್ಟ ಕಲ್ಲು ಉಜ್ಜಿ ಕಿಡಿಗಳು ಸೂಸುತ್ತವೆ. ಗುಂಡಿಯದು ಆಮೇಲೆ ಬಂದದ್ದು. ಒತ್ತಿದರೆ ಒಳಗೆ ಒಂದು ಸಣ್ಣ ಸುತ್ತಿಗೆ ಒಂದು ಹರಳಿಗೆ ಹೊಡೆಯುತ್ತದೆ, ತಂತಿಯ ತುದಿಯಿಂದ ನೀಲಿ ಎಳೆಯೊಂದು ಟಕ್ಕೆಂದು ಹಾರುತ್ತದೆ. ಸೆಲ್ಲಿಲ್ಲ, ವೈರಿಲ್ಲ, ಆದರೂ ಕರೆಂಟು. ಅಜ್ಜಿ ಅದನ್ನು ಮೊದಲ ಸಲ ನೋಡಿ, "ಕಲ್ಲಿಂದಾದ್ರೆ ಬೆಂಕೀನ ಕರೀತೀವಿ. ಇದು ಬೆಂಕೀನ ಬೆಚ್ಚಿ ಬೀಳಿಸೋದು. ಬೆಚ್ಚಿಬಿದ್ದು ಬಂದೋರು ಎಷ್ಟೊತ್ತು ನಿಲ್ತಾರೆ?" ಅಂದಿದ್ದಳು.

ಅಪ್ಪ ಕಲ್ಲಿನ ಕಡೆ. ಗುಂಡಿಯದನ್ನೂ ಮಾರುತ್ತಿದ್ದರು, ಆದರೆ ಮೊಸರು ಮಾರುವವನು ಹಾಲಿನ ಪುಡಿ ಮಾರುವ ಹಾಗೆ. "ಕಲ್ಲು ಸಾಯೋಕೆ ಮುಂಚೆ ಹೇಳಿ ಸಾಯುತ್ತೆ," ಎನ್ನುತ್ತಿದ್ದರು. "ಚಕ್ರ ಹಗುರಾಗುತ್ತೆ, ಕಿಡಿ ಕಮ್ಮಿಯಾಗುತ್ತೆ, ಬೆರಳಿಗೇ ಗೊತ್ತಾಗುತ್ತೆ. ಹೊಸ ಕಲ್ಲು ಹಾಕಿದ್ರೆ ಆಯ್ತು. ಈ ಗುಂಡಿ ಇವತ್ತೂ ಟಕ್ ಅನ್ನುತ್ತೆ, ನಾಳೇನೂ ಟಕ್ ಅನ್ನುತ್ತೆ. ಬೆಂಕಿ ಮಾತ್ರ ನಾಳೆ ಇರಲ್ಲ."

ಟೀ ಅಂಗಡಿಯ ಮಾಸ್ತಮ್ಮ ಅದಕ್ಕೆ, "ನಿಮ್ಮ ಕಲ್ಲು ಹೇಳೋದನ್ನ ಕೇಳಿಸ್ಕೊಳ್ಳೋಕೆ ಬೆರಳಲ್ಲಿ ಚರ್ಮ ಉಳಿದಿರ್ಬೇಕಲ್ಲ, ಅಣ್ಣಯ್ಯ" ಎಂದು ತನ್ನ ಹೆಬ್ಬೆರಳು ತೋರಿಸುತ್ತಿದ್ದಳು. ಅವಳ ಗುಂಡಿ ಲೈಟರ್ ಒಂದು ದಿನವೂ ತಪ್ಪಿರಲಿಲ್ಲವಂತೆ. ಕೆರೆ ಏರಿಯ ಕಡೆಯವರ ಗುಂಡಿ ಲೈಟರ್‌ಗಳು ಮಾಗಿ ಬಂತೆಂದರೆ ವಾರಕ್ಕೊಮ್ಮೆ ತಪ್ಪುತ್ತಿದ್ದವು. ಇಬ್ಬರೂ ಹೇಳುತ್ತಿದ್ದುದು ನಿಜವೇ. ಪರೀಕ್ಷೆ ಮಾಡಿ ನೋಡೋಣವೆಂದರೆ ಯಾರ ಬಳಿ ಕಿಡಿ ದಂಡವಾಗಿ ಬಿದ್ದಿತ್ತು?

ದೇವೀರತ್ತೆ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿಯ ಜೊತೆ ನಮ್ಮ ಮನೆಗೆ ಬಂದಳು. ಬಂದ ದಿನವೇ ಅವಳ ಕಿಡಿಗೆ ಕೆಲಸ ಗೊತ್ತಾಯಿತು, ಹಂಡೆ. ಅವಳಿಗೊಂದು ತೊಂದರೆಯಿತ್ತು. ಗಂಡನ ಮನೆಯಲ್ಲಿ ಒರಳುಕಲ್ಲು ಎತ್ತಿಡುವಾಗ ಬಲಗೈ ಹೆಬ್ಬೆರಳು ಸಿಕ್ಕಿ ಜಜ್ಜಿಹೋಗಿ, ಆ ಗೆಣ್ಣು ಮಡಚುತ್ತಿರಲಿಲ್ಲ. ಎಡಗೈಗೆ ಆ ಬಿರುಸಿಲ್ಲ. ಕಲ್ಲಿನ ಲೈಟರನ್ನು ಬಲಗೈಯಲ್ಲಿ ಹಿಡಿದು, ಚಕ್ರವನ್ನು ಎಡ ಅಂಗೈಯ ಬುಡಕ್ಕೆ ಒತ್ತಿ ಎಳೆಯುತ್ತಿದ್ದಳು. ಸಾಮಾನ್ಯವಾಗಿ ಹತ್ತುತ್ತಿತ್ತು. ಹತ್ತದ ದಿನ ನಾನು ನನ್ನದನ್ನು ಕೊಟ್ಟು, ಸಂಜೆಗೆ ಅಮ್ಮ ಬೆಳಿಗ್ಗೆಯೇ ಎರಡು ಹೊತ್ತಿನದನ್ನು ಬೇಯಿಸಿಟ್ಟು ಹೇಗೋ ಆಗುತ್ತಿತ್ತು. ಐದು ಕಿಡಿಯ ಮನೆಯ ಸುಖವೇ ಅದು.

ಅವಳು ಬೇರೆ ಹೋಗುವ ಮಾತನ್ನು ಮೊದಲು ಹೇಳಿದ್ದು ನನಗೆ, ಬಟ್ಟೆ ಒಣಹಾಕುತ್ತಾ. ಕೆರೆ ಏರಿಯ ಮೇಲೆ ಎರಡು ಸಣ್ಣ ಮನೆಗಳಿವೆ, ಹಿಂದೆ ಮೀನಿನ ಗುತ್ತಿಗೆಯವರು ಕಟ್ಟಿಸಿದ್ದು. ಅದರಲ್ಲೊಂದನ್ನು ಕೇಳಿಕೊಂಡು ಬಂದಿದ್ದಳು.

"ನಮ್ಮ ಜೊತೆ ಬೇಜಾರಾ ಅತ್ತೆ?" ಎಂದು ಕೇಳಿದೆ.

"ಬೇಜಾರಲ್ಲ ಕಣೇ ತಾರೂ. ನೀನೇ ಯೋಚ್ನೆ ಮಾಡಿ ನೋಡು. ಅಪ್ಪನ ಮನೇಲಿದ್ದಾಗ ನಂದು ಕೊಟ್ಟಿಗೆ ದೀಪ. ಗಂಡನ ಮನೇಲಿ ದನಗಳಿಗೆ ಹುರುಳಿ ಬೇಯಿಸೋ ಒಲೆ. ಇಲ್ಲಿ ಹಂಡೆ. ನಾನು ಹಚ್ಚಿದ ಒಲೇಲಿ ನಾನು ಉಣ್ಣೋದು ಒಂದಿನ ಬೆಂದಿದ್ಯಾ? ದನ ಉಂಡವೆ, ನಿಮ್ಮಪ್ಪ ಮಿಂದವ್ನೆ. ನಂಗೆ ನಂದೇ ಒಂದು ಒಲೆ ಬೇಕು. ಅದ್ರಲ್ಲಿ ಒಂದು ರೊಟ್ಟಿ ಸುಟ್ಕೊಂಡು, ಯಾರಿಗೂ ಬಡಿಸ್ದೆ, ಬಿಸಿಬಿಸೀದು ನಾನೇ ತಿನ್ಬೇಕು."

ಒದ್ದೆ ಸೀರೆಯನ್ನು ಜಾಡಿಸಿ ತಂತಿಯ ಮೇಲೆ ಹರಡಿದಳು. ಅಷ್ಟೇ ಅವಳ ಆಸೆ. ಆದರೆ ನಮ್ಮ ಊರಿನಲ್ಲಿ ಒಂಟಿ ಒಲೆ ಹೂಡುವುದು ಸುಲಭವಲ್ಲ. ಹಿಂದೆ ಯಾವಾಗಲೋ ಒಬ್ಬ ಒಂಟಿ ಮನುಷ್ಯ ಕಿಡಿ ತಪ್ಪಿದ್ದನ್ನು ಯಾರಿಗೂ ಹೇಳದೆ, ಮಾಗಿಯ ಚಳಿಯಲ್ಲಿ ಜ್ವರ ಹಿಡಿದು ಮಲಗಿದವನು ಏಳಲಿಲ್ಲವಂತೆ. ಅಂದಿನಿಂದ ಒಂದು ಕಟ್ಟಲೆ. ಒಬ್ಬರೇ ಇರಬೇಕೆನ್ನುವವರು ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಯವರೆಗೆ ಪ್ರತಿದಿನ ಸೂರ್ಯ ಹುಟ್ಟುವ ಹೊತ್ತಿಗೆ ತಮ್ಮ ಕೈಯಿಂದಲೇ ಒಲೆ ಹಚ್ಚಿ ತೋರಿಸಬೇಕು. ಒಂದು ದಿನವೂ ತಪ್ಪಬಾರದು. ಊರಿನ ಸಾಕ್ಷಿಯವರು ಬಂದು ಬಾಗಿಲಲ್ಲಿ ಕೂತು ನೋಡುತ್ತಾರೆ. ನೋಡಿ ಹೋಗಿ ಅರಳಿಕಟ್ಟೆಯಲ್ಲಿ "ಹತ್ತಿತು" ಎನ್ನುತ್ತಾರೆ. ಆ ಹುಣ್ಣಿಮೆ ದಾಟಿದರೆ ಆ ಮನೆ ಅವರದು, ಆಮೇಲೆ ಯಾರೂ ಕೇಳುವಂತಿಲ್ಲ. ಬುಟ್ಟಿ ಹೆಣೆಯುವ ಕರಿಯಣ್ಣನವರು ಅರ್ಧದಲ್ಲಿ ತಪ್ಪಿ ತಮ್ಮನ ಮನೆಗೆ ಮರಳಿದ್ದನ್ನು ನಾನೇ ನೋಡಿದ್ದೆ. ಅವರ ತಮ್ಮನ ಹೆಂಡತಿ ಅವರ ಕಿಡಿಗಾಗಿ ಬೀದಿಯಲ್ಲೇ ಕಾಯುತ್ತಿದ್ದಳು.

ಅಪ್ಪ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಅಂಗಡಿಯಿಂದ ಬರುವಾಗ ತಮ್ಮದೇ ಹಿತ್ತಾಳೆಯ ಕಲ್ಲಿನ ಲೈಟರನ್ನು ತಂದು ಅತ್ತೆಯ ಮುಂದಿಟ್ಟರು. "ಹೋಗೋದಾದ್ರೆ ಇದನ್ನ ತಗೊಂಡು ಹೋಗು. ತಪ್ಪಿ ವಾಪಸ್ ಬಂದು ನನ್ನ ಅಂಗಡಿ ಹೆಸರು ಕೆಡಿಸ್ಬೇಡ."

"ಕೆಟ್ರೆ ನಿನ್ನ ಹೆಸರು, ಹತ್ತಿದ್ರೆ ನನ್ನ ಹೆಸರು," ಎಂದು ಅತ್ತೆ ಲೈಟರನ್ನು ಸೆರಗಿಗೆ ಕಟ್ಟಿಕೊಂಡಳು.

ಕಲ್ಲಿನ ಲೈಟರಿಗೆ ಒಂದು ಅನುಕೂಲವಿದೆ. ಕಲ್ಲನ್ನು ತೆಗೆದಿಟ್ಟು ಬರೀ ಚಕ್ರ ತಿರುಗಿಸಿದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಹುಣ್ಣಿಮೆಗೆ ಮುಂಚಿನ ದಿನಗಳಲ್ಲಿ ಅತ್ತೆ ಹೊತ್ತುಹೊತ್ತಿಗೂ ಖಾಲಿ ಲೈಟರನ್ನು ಅಂಗೈಗೆ ಎಳೆಯುತ್ತ ಅಭ್ಯಾಸ ಮಾಡಿದಳು. ಗುಂಡಿಯದಕ್ಕೆ ಆ ಅನುಕೂಲವಿಲ್ಲ. ಅದರ ಒಳಗನ್ನು ಬಿಚ್ಚಿದರೆ ಮತ್ತೆ ಕೂಡುವುದಿಲ್ಲ.

ಸಾಕ್ಷಿಯವರು ಗುರುಶಾಂತಪ್ಪನವರು. ಮೊದಲು ನೀರುಗಂಟಿಯಾಗಿದ್ದವರು, ಗದ್ದೆಗಳಿಗೆ ಕೆರೆಯ ತೂಬು ಎತ್ತಿ ನೀರು ಬಿಡುತ್ತಿದ್ದರು. ಯಾರ ಗದ್ದೆಗೂ ಒಂದು ಚೊಂಬು ಹೆಚ್ಚು ಬಿಟ್ಟವರಲ್ಲ ಎಂಬ ಹೆಸರಿತ್ತು, ಆದ್ದರಿಂದಲೇ ಸಾಕ್ಷಿಗೆ ಆರಿಸಿದ್ದರು. ಮೊದಲ ದಿನ ಕಂಬಳಿ ಹೊದ್ದು ಬಂದು ಅತ್ತೆಯ ಹೊಸ ಮನೆಯ ಬಾಗಿಲಲ್ಲಿ ಕೂತರು. ನಾನು ಒಲೆಯ ಪಕ್ಕದಲ್ಲಿ ಗೋಡೆಗೊರಗಿ ನಿಂತಿದ್ದೆ. ಅತ್ತೆ ತೆಂಗಿನ ನಾರನ್ನು ಬಿಡಿಸಿ ಗೂಡಿನ ಹಾಗೆ ಮಾಡಿ, ಅದರ ಮೇಲೆ ಪುರಲೆ ಕಡ್ಡಿ ಒಟ್ಟಿ, ಲೈಟರನ್ನು ಅಂಗೈಗೆ ಒತ್ತಿ ಎಳೆದಳು. ಕಿಡಿಗಳು ಸಾಸಿವೆ ಸಿಡಿದಂತೆ ಸಿಡಿದವು, ಜ್ವಾಲೆ ನಿಂತಿತು, ನಾರು ಹಿಡಿಯಿತು.

"ಹತ್ತಿತು," ಎಂದರು ಗುರುಶಾಂತಪ್ಪ.

"ಕಾಣ್ತಾ ಐತೆ," ಎಂದಳು ಅತ್ತೆ.

ಅವಳು ಅಕ್ಕಿರೊಟ್ಟಿ ತಟ್ಟಿದಳು. ಮೊದಲನೆಯದು ಬೆಂದ ಕೂಡಲೇ ಕಾವಲಿಯಿಂದ ಎತ್ತಿ, ನಿಂತುಕೊಂಡೇ ಮುರಿದು ಬಾಯಿಗಿಟ್ಟಳು. ನಾಲಿಗೆ ಸುಟ್ಟಿರಬೇಕು, ಕಣ್ಣಲ್ಲಿ ನೀರು ಬಂತು. ನನಗೂ ಹಸಿವಾಗಿತ್ತು, ಗುರುಶಾಂತಪ್ಪನವರಿಗೂ ಆಗಿರಬೇಕು. ಅವರು ಕಂಬಳಿ ಸರಿಮಾಡಿಕೊಂಡು ಎದ್ದರು. ಅತ್ತೆ ಯಾರ ಕಡೆಗೂ ನೋಡಲಿಲ್ಲ. ಆ ರೊಟ್ಟಿ ಪೂರಾ ತಿಂದಳು. ಎರಡನೆಯದನ್ನು ನನಗೆ ಕೊಟ್ಟಳು.

ದಿನಗಳು ಹೋದವು. ನಮ್ಮ ಮನೆಯಲ್ಲಿ ಅಪ್ಪ ತಣ್ಣೀರು ಸುರಿದುಕೊಂಡು ಬಚ್ಚಲಲ್ಲಿ ದೇವರ ಹೆಸರುಗಳನ್ನೆಲ್ಲ ಕೂಗುತ್ತಿದ್ದರು. ಕಿಡಿ ಇಲ್ಲವೆಂದಲ್ಲ, ಅಂಗಡಿಯಲ್ಲಿ ಹಚ್ಚಿ ತೋರಿಸುವುದನ್ನು ನಿಲ್ಲಿಸಿದ್ದರೆ ಅವರ ಕಿಡಿಯಲ್ಲೇ ಹಂಡೆ ಕಾಯುತ್ತಿತ್ತು. ಅದನ್ನು ನಿಲ್ಲಿಸಲು ಮನಸ್ಸಿರಲಿಲ್ಲ. ನಾನು ದಿನಾ ಬೆಳಿಗ್ಗೆ ಏರಿಗೆ ಹೋಗುತ್ತಿದ್ದೆ. ಅತ್ತೆಯ ಎಡ ಅಂಗೈಯ ಬುಡ ಮೊದಲು ಕೆಂಪಾಯಿತು, ಆಮೇಲೆ ಸುಲಿಯಿತು. ಅರಿಶಿನ ಎಣ್ಣೆ ಹಚ್ಚಿ ಬಟ್ಟೆ ಸುತ್ತಿದಳು. ಬಟ್ಟೆಯ ಮೇಲೆ ಎಳೆದರೆ ಚಕ್ರ ಜಾರುತ್ತದೆ, ಬಟ್ಟೆ ತೆಗೆದರೆ ಗಾಯ. ಒಂದು ಬೆಳಿಗ್ಗೆ ಎಳೆದಾಗ ಚಕ್ರ ಅರ್ಧ ತಿರುಗಿ ನಿಂತಿತು. ಕಿಡಿ ಎರಡೇ ಎರಡು ಹಾರಿದವು. ಅದರಲ್ಲಿ ಒಂದು ಹೇಗೋ ಗ್ಯಾಸಿಗೆ ಸಿಕ್ಕಿ ಜ್ವಾಲೆಯಾಯಿತು. ಗುರುಶಾಂತಪ್ಪನವರು ಬಹಳ ಹೊತ್ತು ನೋಡಿ, "ಹತ್ತಿತು, ಆದ್ರೆ ಯೋಚ್ನೆ ಮಾಡಿ ಹತ್ತಿತು" ಎಂದರು.

ಅವತ್ತು ನಾನು ಅಂಗಡಿಯಿಂದ ಒಂದು ಗುಂಡಿ ಲೈಟರ್ ತೆಗೆದುಕೊಂಡೆ. ಅಪ್ಪ ನೋಡಿದರು.

"ಎಲ್ಲಿಗೆ ಅದು?"

"ಅತ್ತೆಗೆ. ಗುಂಡಿಗೆ ಬೆರಳು ಮಡಚೋದು ಬೇಡ, ಕೈ ಸುಲಿಯಲ್ಲ. ಅಂಗೈಯಿಂದ ಅದುಮಿದ್ರೂ ಸಾಕು."

"ಕೆರೆ ಏರಿ ಮೇಲೆ, ಮಾಗಿ ಮಂಜಲ್ಲಿ, ಗುಂಡಿ." ಅಪ್ಪ ಪ್ರತಿ ಮಾತಿನ ಮಧ್ಯೆ ನಿಲ್ಲಿಸಿ ನಿಲ್ಲಿಸಿ ಹೇಳಿದರು. "ಕಥೆ ಕೇಳಿ ಕೇಳಿ ನಿನ್ನ ತಲೆ ಕೆಟ್ಟಿದೆ. ಅದರ ಕರೆಂಟು ತೇವ ಕಂಡ್ರೆ ಕಿಡಿ ಆಗಲ್ಲ, ತೇವ ಹಿಡ್ಕೊಂಡು ಎಲ್ಲಿಗೋ ಹೋಗುತ್ತೆ."

"ಒಣಗಿದ್ರೆ ಹೋಗಲ್ಲ ಅಲ್ವಾ?"

"ಒಣಗಿದ್ರೆ ಹೋಗಲ್ಲ," ಎಂದು ಒಪ್ಪಿಕೊಳ್ಳಲೇಬೇಕಾಯಿತು. ಆಮೇಲೆ ಅವರೇ ಲೈಟರನ್ನು ಕೈಗೆ ತೆಗೆದುಕೊಂಡು ಒಣ ಹತ್ತಿಯಿಂದ ತಂತಿಯ ತುದಿ ಒರೆಸಿದರು, ಬಾಗಿದೆಯೇ ಎಂದು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. "ಮೈಗೆ ತಾಗಿಸಿ ಇಟ್ಕೊಳೋಕೆ ಹೇಳು. ಸೊಂಟದ ಚೀಲದಲ್ಲಿ. ಎಲೆ ಅಡಿಕೆ ಜೊತೆ ಅಲ್ಲ, ಎಲೆ ಒದ್ದೆ."

ಅತ್ತೆ ಹಾಗೇ ಮಾಡಿದಳು. ರಾತ್ರಿಯೂ ಅದನ್ನು ಸೊಂಟದಲ್ಲೇ ಇಟ್ಟುಕೊಂಡು ಮಲಗುತ್ತಿದ್ದಳು. ಬೆಳಿಗ್ಗೆ ಕೈತೊಳೆದು, ಬಟ್ಟೆಗೆ ಒರೆಸಿ ಒರೆಸಿ ಒಣಗಿಸಿ, ಆಮೇಲೆ ಲೈಟರ್ ಮುಟ್ಟುವುದು. ಮಂಜು ಕೆರೆಯಿಂದ ಎದ್ದು ಬಾಗಿಲವರೆಗೆ ಬಂದು ನಿಂತಿರುತ್ತಿತ್ತು, ಕರೆದರೆ ಒಳಗೆ ಬರುವ ಹಾಗೆ. ನನಗೆ ಆಗ ಅಜ್ಜಿಯ ಕಥೆಯ ಆ ತಂಗಿ ನೆನಪಾಗುತ್ತಿದ್ದಳು. ಅಣ್ಣನ ಜೊತೆ ರಾಜಿ ಮಾಡಿಕೊಳ್ಳಲು ಬಂದು ಬಾಗಿಲಲ್ಲಿ ನಾಚಿ ನಿಂತವಳು. ಅತ್ತೆ ಮಂಜಿಗೆ ಬೆನ್ನು ಹಾಕಿ ಕೂತು ಅಂಗೈಯಿಂದ ಗುಂಡಿ ಅದುಮುತ್ತಿದ್ದಳು. ಟಕ್. ಹತ್ತಿತು. ಮಾರನೆಯ ದಿನ ಟಕ್. ಹತ್ತಿತು. ಅರಳಿಕಟ್ಟೆಯಲ್ಲಿ ಗುಂಡಿಯ ಕಡೆಯವರು ಗುರುಶಾಂತಪ್ಪನವರಿಗೆ ಟೀ ಕುಡಿಸತೊಡಗಿದರು. ಅಂಗಡಿಯಲ್ಲಿ ಗುಂಡಿ ಲೈಟರ್ ಹೆಚ್ಚು ಹೋಗತೊಡಗಿತು. ಮಾಸ್ತಮ್ಮ ದಿನಾ ಬಂದು, "ಏನಂತಾಳೆ ನಿಮ್ಮ ತಂಗಿ?" ಎಂದು ಅಪ್ಪನನ್ನು ಕೆಣಕಿ ಹೋಗುತ್ತಿದ್ದಳು. ಅಪ್ಪ, "ಇನ್ನೂ ಹುಣ್ಣಿಮೆ ಬಂದಿಲ್ಲ" ಎನ್ನುತ್ತಿದ್ದರು.

ಹುಣ್ಣಿಮೆಯ ಬೆಳಿಗ್ಗೆ ಅಪ್ಪನೂ ಬಂದರು. ಬರುವುದಿಲ್ಲ ಎಂದಿದ್ದವರು ನನಗಿಂತ ಮುಂಚೆ ಚಪ್ಪಲಿ ಹಾಕಿಕೊಂಡು ಬೀದಿಯಲ್ಲಿ ನಿಂತಿದ್ದರು. ಆ ದಿನ ಮಂಜು ಅಷ್ಟಿರಲಿಲ್ಲ, ಕೆರೆಯ ಆಚೆ ದಡದ ಹುಣಸೆಮರ ಕಾಣುತ್ತಿತ್ತು. ಗಾಳಿಯೂ ಇರಲಿಲ್ಲ. ಗುರುಶಾಂತಪ್ಪನವರು ಆಗಲೇ ಬಂದು ಕೂತಿದ್ದರು. ಅತ್ತೆ ಹೊಸ ಸೀರೆಯುಟ್ಟಿದ್ದಳು. ಹಿಟ್ಟು ಕಲಸಿಟ್ಟಿದ್ದಳು.

ನಾರಿನ ಗೂಡು ಮಾಡಿದಳು. ಕೈ ಒರೆಸಿದಳು. ಸೊಂಟದಿಂದ ಲೈಟರ್ ತೆಗೆದು ಅದುಮಿದಳು. ಟಕ್ ಎಂದಿತು.

ಬೆಂಕಿ ಬರಲಿಲ್ಲ.

ಸದ್ದು ದಿನದ ಸದ್ದೇ. ಗ್ಯಾಸಿನ ಸಣ್ಣ ವಾಸನೆ ಬಂತು, ಅಂದರೆ ಗ್ಯಾಸೂ ಇತ್ತು. ಮಂಜು ಬಾಗಿಲವರೆಗೆ ಬಂದಿರಲಿಲ್ಲ, ಕೈ ಒದ್ದೆಯಿರಲಿಲ್ಲ. ಯಾಕೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಅತ್ತೆ ಲೈಟರನ್ನು ಹಿಡಿದುಕೊಂಡೇ ಕೂತಿದ್ದಳು.

ಆಗ ಅಪ್ಪ ಗಂಟಲು ಸರಿಮಾಡಿಕೊಂಡು, "ಹತ್ತಿತ್ತು" ಎಂದರು. "ನಾನು ನೋಡಿದೆ. ಹತ್ತಿ, ಗಾಳಿಗೆ ಆರಿತು. ಹತ್ತಿ ಆರಿದ್ರೆ ಹತ್ತಿದ ಲೆಕ್ಕ ಅಲ್ವಾ ಗುರುಶಾಂತಪ್ಪನವ್ರೇ?"

ಗುಂಡಿಯ ಪರವಾಗಿ ನನ್ನಪ್ಪ ಜೀವನದಲ್ಲಿ ಆಡಿದ ಒಂದೇ ಮಾತು ಅದು, ಅದೂ ಸುಳ್ಳು. ಗುರುಶಾಂತಪ್ಪನವರು ಕೆರೆಯ ಕಡೆ ನೋಡಿದರು. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಅವರು ಬೇಕೆಂದರೆ ಒಪ್ಪಿಬಿಡುತ್ತಿದ್ದರೇನೋ. ಅವರ ಮುಖದಲ್ಲಿ ಅಂಥದ್ದೊಂದು ಯೋಚನೆ ಬಂದು ಕೂತದ್ದನ್ನು ನಾನು ಕಂಡೆ.

"ಗಾಳಿ ಇರ್ಲಿಲ್ಲ ಅಣ್ಣಯ್ಯ," ಎಂದಳು ಅತ್ತೆ. "ಹತ್ತಲಿಲ್ಲ."

"ಸುಮ್ನಿರು ದೇವೀರಿ."

"ಹತ್ತಿಲ್ದೇ ಇರೋದನ್ನ ಹತ್ತಿತು ಅಂದ್ಕೊಂಡು ಈ ಮನೇಲಿ ನಾನು ಹೆಂಗಿರ್ಲಿ? ದಿನಾ ಒಲೆ ಮುಂದೆ ಕೂರೋಳು ನಾನು."

ನನ್ನ ಕಿಡಿ ಇನ್ನೂ ಹಾಗೇ ಇತ್ತು. ಹಿತ್ತಾಳೆಯ ಲೈಟರ್ ಗೋಡೆಯ ಗೂಡಿನಲ್ಲಿತ್ತು. ನಾನು ಅದನ್ನು ಎತ್ತಿಕೊಂಡು, "ನಾನು ಹಚ್ಲಾ ಅತ್ತೆ? ಸಾಕ್ಷಿಗಲ್ಲ. ರೊಟ್ಟಿಗೆ" ಎಂದೆ.

"ಬೇಡ ಮಗಾ. ಇವತ್ತು ಈ ಒಲೆ ಹತ್ತಲಿಲ್ಲ. ಅಷ್ಟೇ." ಅವಳು ಕಲಸಿದ ಹಿಟ್ಟಿಗೆ ತಟ್ಟೆ ಮುಚ್ಚಿ ಪಕ್ಕಕ್ಕೆ ಸರಿಸಿದಳು. ಆಮೇಲೆ ಎದ್ದು ಡಬ್ಬಿಯಿಂದ ಅವಲಕ್ಕಿ ತೆಗೆದಳು, ತೊಳೆದಳು, ಮೊಸರು ಹಾಕಿದಳು, ಉಪ್ಪು ಹಾಕಿದಳು, ಒಂದು ಹಸಿಮೆಣಸಿನಕಾಯಿ ಮುರಿದು ಹಾಕಿದಳು. ಬೆಲ್ಲದ ಡಬ್ಬಿ ಹುಡುಕಿದಳು. ಅವಳಿಗೆ ಯಾವ ಅವಸರವೂ ಇರಲಿಲ್ಲ. ನಾವು ಮೂವರೂ ಅವಳು ಟ್ರಂಕು ಎಳೆಯುವುದನ್ನೇ ಕಾಯುತ್ತಿದ್ದೆವು. ಅಪ್ಪನಂತೂ ಟ್ರಂಕಿನ ಒಂದು ಕಡೆಯ ಹಿಡಿಯ ಹತ್ತಿರ ಹೋಗಿ ನಿಂತಿದ್ದರು.

"ಹೊತ್ತಾಯ್ತು ದೇವೀರಮ್ಮ," ಎಂದರು ಗುರುಶಾಂತಪ್ಪ, ಮೆಲ್ಲಗೆ. "ನಾನು ಹೋಗಿ ಹೇಳ್ಬೇಕಲ್ಲ."

"ಹೇಳಿ."

"ತಪ್ಪಿತು ಅಂತ ಹೇಳ್ಬೇಕಾಗುತ್ತೆ."

"ತಪ್ಪಿತು ಅಂತಾನೇ ಹೇಳಿ. ನಾಳೆ ಹಚ್ತೀನಿ. ನಾಳೇನೂ ತಪ್ಪಿದ್ರೆ ನಾಡಿದ್ದು. ಅವಲಕ್ಕಿ ಐತೆ, ಮೊಸರೈತೆ, ಬಾಳೆಹಣ್ಣು ತಂದಿಟ್ಟಿದೀನಿ. ಜ್ವರ ಗಿರ ಬಂದ್ರೆ ಬಾಗಿಲಲ್ಲಿ ನಿಂತು ಕೂಗ್ತೀನಿ, ನಂಗೇನು ಬಾಯಿಲ್ವಾ." ಅವಳು ನಾಲ್ಕು ತಟ್ಟೆ ಹಾಕಿದಳು. "ಕೂತ್ಕೊಳಿ. ಅಣ್ಣಯ್ಯ, ಆ ಟ್ರಂಕು ಬಿಟ್ಟು ಈ ಕಡೆ ಬಾ."

ಗುರುಶಾಂತಪ್ಪನವರು ಹೊಸ್ತಿಲಲ್ಲಿ ನಿಂತು ಬಹಳ ಹೊತ್ತು ಯೋಚಿಸಿದರು. ಅವರ ಯೋಚನೆ ನನಗೆ ಆಮೇಲೆ ಅರ್ಥವಾಯಿತು. ತಪ್ಪಬಾರದು ಎಂದು ಕಟ್ಟಲೆಯಿತ್ತು. ತಪ್ಪಿದವರೆಲ್ಲ ತಾವಾಗಿಯೇ ಗಂಟುಮೂಟೆ ಕಟ್ಟಿದ್ದರು. ಕಟ್ಟದೆ ಕೂತು ಅವಲಕ್ಕಿ ಕಲಸಿದವರನ್ನು ಏನು ಮಾಡಬೇಕೆಂದು ಯಾರೂ ಹೇಳಿಟ್ಟಿರಲಿ‌ಲ್ಲ. ಕೊನೆಗೆ ಅವರು ಕಂಬಳಿಯನ್ನು ಗೂಟಕ್ಕೆ ತಗುಲಿಹಾಕಿ, ಒಳಗೆ ಬಂದು, ತಟ್ಟೆಯ ಮುಂದೆ ಕೂತರು.

ನಾವು ತಿಂದೆವು. ಮೊಸರು ಹುಳಿಯಾಗಿರಲಿಲ್ಲ, ಒಳ್ಳೆಯ ಮೊಸರು. ಅಪ್ಪ ಇನ್ನೊಂದು ಸಲ ಹಾಕಿಸಿಕೊಂಡರು.

ಅರಳಿಕಟ್ಟೆಯಲ್ಲಿ ಅವತ್ತು ಜಾತ್ರೆಯ ಹಾಗೆ ಜನ. ಕಲ್ಲಿನವರು ಒಂದು ಕಡೆ, ಗುಂಡಿಯವರು ಒಂದು ಕಡೆ. ಗುರುಶಾಂತಪ್ಪನವರು ಬಂದು ಕೂತರು. ನಾನೂ ಅಪ್ಪನೂ ಹಿಂದೆ ನಿಂತೆವು.

"ಹತ್ತಿತಾ?" ಎಂದು ಯಾರೋ ಕೇಳಿದರು.

"ಇಲ್ಲ."

ಕಲ್ಲಿನವರ ಕಡೆಯಿಂದ ಒಂದು ಸದ್ದು ಎದ್ದಿತು. ಅಪ್ಪ ಅದಕ್ಕೆ ದನಿ ಕೂಡಿಸಲಿಲ್ಲ.

"ಹಂಗಾದ್ರೆ ಎಲ್ಲಿ ದೇವೀರಮ್ಮ? ಬರ್ಲಿಲ್ವಾ?"

"ಅವ್ರ ಮನೇಲವ್ರೆ."

"ಒಲೆ ಹತ್ತಲಿಲ್ಲ ಅಂದ್ರಲ್ಲ."

"ಹತ್ತಲಿಲ್ಲ. ಅಲ್ಲೇ ಉಂಡು ಬಂದೆ," ಎಂದರು ಗುರುಶಾಂತಪ್ಪ.

ಕಟ್ಟೆಯ ಮೇಲಿದ್ದ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಉಂಡು ಬಂದ ಮನೆಯನ್ನು ಮನೆಯಲ್ಲ ಎನ್ನುವುದು ನಮ್ಮಲ್ಲಿ ಬಾಯಿಗೆ ಬರುವ ಮಾತಲ್ಲ. ಕೊನೆಗೆ ಮಾಸ್ತಮ್ಮ, "ಏನುಂಡ್ರಿ?" ಎಂದು ಕೇಳಿದಳು. "ಮೊಸರವಲಕ್ಕಿ," ಎಂದರು. "ದಪ್ಪ ಅವಲಕ್ಕಿನಾ, ತೆಳುಪಾ?" "ದಪ್ಪ." ಅಲ್ಲಿಂದ ಮಾತು ಯಾವ ಅಂಗಡಿಯ ಅವಲಕ್ಕಿ ಒಳ್ಳೆಯದು ಎಂಬ ಕಡೆ ಹೋಯಿತು, ಬಿಸಿಲೇರುತ್ತಿದ್ದಂತೆ ಜನ ಎದ್ದು ಹೋದರು. ಅತ್ತೆಯನ್ನು ಏರಿಯಿಂದ ಇಳಿಸಬೇಕು ಎಂಬ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಮಾರನೆಯ ದಿನ ಅವಳು ಅದೇ ಗುಂಡಿ ಲೈಟರನ್ನು ಅದುಮಿದಳು, ಅದು ಹತ್ತಿತು. ಅಂಗಡಿಗೆ ಬಂದವರು ನನ್ನನ್ನು ಈಗಲೂ ಕೇಳುತ್ತಾರೆ, ಕೊನೆಗೆ ಯಾವುದು ಮೇಲು ಎಂದು. ಕೈ ಗಟ್ಟಿಯಿದ್ದರೆ ಕಲ್ಲಿನದು ಒಯ್ಯಿರಿ, ಇಲ್ಲದಿದ್ದರೆ ಗುಂಡಿಯದು ಒಯ್ದು ಒಣಗಿಸಿ ಇಟ್ಟುಕೊಳ್ಳಿ, ಎರಡೂ ಒಂದು ದಿನ ತಪ್ಪುತ್ತವೆ ಎನ್ನುತ್ತೇನೆ. ಹೀಗೆ ಹೇಳಿ ವ್ಯಾಪಾರ ಕೆಡಿಸಬೇಡ ಎಂದು ಅಪ್ಪ ಗದರುತ್ತಾರೆ. ಗುರುಶಾಂತಪ್ಪನವರು ಕೆಲವು ಬೆಳಿಗ್ಗೆ ಈಗಲೂ ಏರಿಯ ಕಡೆ ನಡೆದು ಹೋಗುತ್ತಾರೆ. ಸಾಕ್ಷಿಗಲ್ಲ, ಮೂರನೆಯ ರೊಟ್ಟಿಗೆ.

ಆ ಹುಣ್ಣಿಮೆಯ ಸಂಜೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಸಂಜೆಯ ಒಲೆ ನಾನು ಹಚ್ಚಿದ್ದು, ಸಾರು ಚೆನ್ನಾಗಿ ಕುದಿದಿತ್ತು. ಅಜ್ಜಿ ಆ ದಿನದ ಸಂಗತಿಯನ್ನು ಆಗಲೇ ಕಥೆ ಮಾಡಿ, ಅದರಲ್ಲಿ ಅತ್ತೆಗೆ ಏಳು ಜನ ಅಣ್ಣಂದಿರನ್ನು ಕೊಟ್ಟಿದ್ದಳು. ಅಪ್ಪ ನಗುತ್ತ ಅನ್ನ ಕಲಸುತ್ತಿದ್ದರು. ಅಮ್ಮ ಸೌಟು ಹಿಡಿದುಕೊಂಡು ಎಲ್ಲರ ತಟ್ಟೆ ನೋಡುತ್ತ ನಿಂತಿದ್ದಳು. ಅಪ್ಪನಿಗೆ ಸಾರು ಬಡಿಸುತ್ತ ಕೇಳಿದಳು:

"ಏರಿ ಮೇಲೆ ಇನ್ನೊಂದು ಮನೆ ಇದೆಯಲ್ಲ, ಅದು ಯಾರ್ದು ರೀ?"

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. "ಯಾಕೆ?"

"ಸುಮ್ನೆ ಕೇಳ್ದೆ," ಎಂದಳು ಅಮ್ಮ. ಆಮೇಲೆ ಅಜ್ಜಿಗೆ ಬಡಿಸಿದಳು, ನನಗೆ ಬಡಿಸಿದಳು, ಉಳಿದದ್ದನ್ನು ತನ್ನ ತಟ್ಟೆಗೆ ಸುರಿದುಕೊಂಡು, ಆರುವ ಮೊದಲೇ ಕೂತು ಉಂಡಳು.